ಮಲೆನಾಡಿನ ಹೊಳೆಗಳೂ ಕನ್ನಡ ಸಾಹಿತ್ಯವೂ

೧

ಮಹಾಕಾವ್ಯವೆನಿಸಿಕೊಳ್ಳುವ ಕೃತಿಯಲ್ಲಿ ಹದಿನೆಂಟು ಬಗೆಯ ವರ್ಣನೆಗಳಿರಬೇಕೆಂದು ಪೂರ್ವದ ಲಾಕ್ಷಣಿಕರು ವಿಧಿಸಿದರು; ಕನ್ನಡದ ಕವಿಗಳು ಆ ವಿಧಿಯನ್ನು ಬಹುಕಾಲ ಶಿರಸಾವಹಿಸಿ ನಡೆಯಿಸಿದರು. ಕಡಲು, ಬೆಟ್ಟ, ಋತುಗಳು, ಸೂರ್ಯಚಂದ್ರರ ಉದಯ ಇವೆಲ್ಲವೂ ಆ ಪಟ್ಟಿಯಲ್ಲಿ ಸೇರಿವೆ. ಆದಕಾರಣ ಪ್ರಕೃತಿಯ ಮೇಲಣ ಪ್ರೀತಿ ಕನ್ನಡ ಸಾಹಿತ್ಯಕ್ಕೆ ಹೊಸತೆಂದು ಯಾರೂ ಹೇಳಲಾರರು. ಆದರೆ ದಂಡಿಯ ‘ಕಾವ್ಯಾದರ್ಶ’ದಲ್ಲಿ ಬರುವ ಪಟ್ಟಿಯನ್ನು ಮನಸ್ಸಿಟ್ಟು ನೋಡಿದವರಿಗೆ ಒಂದು ವಿಶೇಷ ತೋರದಿರದು. ಅಲ್ಲಿ ಉದ್ಯಾನವುಂಟು, ಅಡವಿಯಿಲ್ಲ, ಜಲಕ್ರೀಡೆಯುಂಟು, ಹೊಳೆಯಿಲ್ಲ. ನೀರಿರುವುದು ಅರಸನೂ ಅವನ ಪರಿವಾರವೂ ಮೀಯುವುದಕ್ಕೆ. ಮರಗಳಿರುವುದು ಅವರು ನೆರಳಿನಲ್ಲಿ ವಿಹರಿಸುವುದಕ್ಕೆ. ರಸಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರಕೃತಿಯು ಅಲ್ಲಿ ಉದ್ದೀಪನ ವಿಭಾವ. ನಾಯಕನ ಹೃದಯದಲ್ಲಿ ಮೊದಲೇ ಇರುವ ಭಾವವನ್ನು ಕೆರಳಿಸಿ ಬೆಳಗಿಸುವುದಷ್ಟೇ ಅದರ ಕೆಲಸ. ಭಾವವು ಯಾರನ್ನು ಆಶ್ರಯಿಸಿ ಹುಟ್ಟುವುದೋ ಆ ಆಲಂಬನದ ಸ್ಥಾನವು ಮನುಷ್ಯನಿಗೇ ಮೀಸಲು.

ಈ ಭೇದವು ಶಾಸ್ತ್ರಕಾರರ ಸೂಕ್ಷ್ಮಗಳಲ್ಲಿ ಒಂದೆಂದು ತಳ್ಳಿಬಿಡುವಂತಹುದಲ್ಲ. ಉದ್ದೀಪನವಾದ ವಸ್ತುವನ್ನು ಬದಲಿಸಬಹುದು. ಬೆಳದಿಂಗಳಿಲ್ಲದಿದ್ದರೆ ತಂಗಾಳಿಯಾದೀತು, ತಂಗಾಳಿಯಿಲ್ಲದಿದ್ದರೆ ಕೋಗಿಲೆಯ ದನಿಯಾದೀತು. ಆಲಂಬನವನ್ನು ಹಾಗೆ ಬದಲಿಸಲು ಬಾರದು. ಒಂದು ಹೊಳೆಯನ್ನು ತಡೆದು ಕಾಡನ್ನು ಮುಳುಗಿಸುವ ಪ್ರಸ್ತಾಪ ಬಂದಾಗ, ಆ ಹೊಳೆಯ ಬದಲಿಗೆ ಇನ್ನೊಂದು ಹೊಳೆಯೂ ಆ ಕಾಡಿನ ಬದಲಿಗೆ ಸಾಲುಮರದ ತೋಪೂ ಆದೀತೆಂದು ಹೇಳುವವರು ಪ್ರಕೃತಿಯನ್ನು ದ್ವೇಷಿಸುವವರಾಗಿರಬೇಕೆಂದಿಲ್ಲ. ಅವರು ಉದ್ದೀಪನದ ದೃಷ್ಟಿಯವರು. ಅದು ಆಗದೆಂದು ಅಡ್ಡನಿಂತವರು ಆ ಹೊಳೆಯನ್ನು ಆಲಂಬನವಾಗಿ ಕಂಡವರು. ಕಳೆದ ಎಂಬತ್ತು ವರ್ಷಗಳಲ್ಲಿ ಕನ್ನಡ ಕಾದಂಬರಿಯು ಮಲೆನಾಡಿನ ಹೊಳೆಗಳನ್ನೂ ಕಾಡುಗಳನ್ನೂ ಮೊದಲನೆಯ ಸ್ಥಾನದಿಂದ ಎರಡನೆಯದಕ್ಕೆ ಹೇಗೆ ಕರೆತಂದಿತು, ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದು ವಿಚಾರಾರ್ಹವಾದ ವಿಷಯ.

ಪ್ರಾಚೀನರಲ್ಲಿ ಇದಕ್ಕೆ ಅಪವಾದವೇ ಇಲ್ಲವೆಂದಲ್ಲ. ಕ್ರಿ. ಶ. ೯೪೧ರ ಸುಮಾರಿನಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು ಬನವಾಸಿಯನ್ನು ಕುರಿತು ಆಡಿದ ಮಾತು ಕನ್ನಡಿಗರೆಲ್ಲರಿಗೂ ಚಿರಪರಿಚಿತ. ಆ ನಾಡಿನ ಬನದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಿದರೂ ಸಾಕೆಂಬ ಹಾರೈಕೆ ಪಟ್ಟಿಯ ವರ್ಣನೆಯಿಂದ ಬಂದುದಲ್ಲ. ವರದಾ ನದಿಯ ದಡದಲ್ಲಿರುವ ಒಂದು ನಿರ್ದಿಷ್ಟ ಊರು ಅಲ್ಲಿ ಪ್ರೀತಿಯ ಆಶ್ರಯವಾಗಿದೆ. ಅದರ ಬದಲು ಇನ್ನೊಂದು ಊರು ಆಗದು. ಆದರೂ ಪಂಪನು ಹಾರೈಸಿದ್ದು ನಂದನದಲ್ಲಿ ಹುಟ್ಟುವುದನ್ನು, ಅಡವಿಯಲ್ಲಿ ಹುಟ್ಟುವುದನ್ನಲ್ಲ. ಅಡವಿಗೆ ಅಂತಹ ಭಾಗ್ಯ ಬರುವುದಕ್ಕೆ ಸಾವಿರ ವರ್ಷ ಕಾಯಬೇಕಾಯಿತು.

೨

ಶಿವರಾಮ ಕಾರಂತರ ‘ಬೆಟ್ಟದ ಜೀವ’ ೧೯೪೩ರಲ್ಲಿ ಹೊರಬಂದಿತು. ದಕ್ಷಿಣ ಕನ್ನಡದ ಸುಬ್ರಹ್ಮಣ್ಯದ ಬಳಿಯ ಘಟ್ಟದ ತಪ್ಪಲಿನಲ್ಲಿ, ದಾರಿ ತಪ್ಪಿದ ಪ್ರಯಾಣಿಕನೊಬ್ಬನು ಗೋಪಾಲಯ್ಯ ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆಗೆ ಬಂದು ಕೆಲವು ದಿನ ಉಳಿಯುವುದೇ ಅದರ ಕಥೆ. ಕಾದಂಬರಿಯಲ್ಲಿ ಘಟನೆಗಳು ವಿರಳ. ಮನೆಬಿಟ್ಟುಹೋದ ಮಗನ ನೆನಪು ತಾಯಿಯನ್ನು ಕೊರೆಯುತ್ತಿರುವುದು. ತಂದೆಯು ನಗೆಮಾತಿನಲ್ಲಿ ಆ ನೋವನ್ನು ಮುಚ್ಚುತ್ತಿರುವನು. ಅವರ ಸುತ್ತ ಬೆಟ್ಟಗಳು, ತೊರೆಗಳು, ಅಡಕೆಯ ತೋಟ, ಕಾಡುಮೃಗಗಳ ಕಾಟ. ಗೋಪಾಲಯ್ಯನು ಕಾಡನ್ನು ಕಡಿದು ತೋಟವನ್ನು ಎಬ್ಬಿಸಿದವನು. ಅದು ಅವನ ಬಾಳಿನ ಹೆಮ್ಮೆ.

ಇಂದಿನ ವಾಚಕನು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಕಾಡು ಕಡಿಯುವವನನ್ನು ನಾಯಕನನ್ನಾಗಿ ಮಾಡಿದ ಕೃತಿಯು ಕಾಡಿನ ರಕ್ಷಣೆಗೆ ಹೇಗೆ ನೆರವಾದೀತು? ಪ್ರಶ್ನೆ ನ್ಯಾಯವಾದುದೇ. ಕಾರಂತರ ಕಾದಂಬರಿಯಲ್ಲಿ ಕಾಡಿನ ಪರವಾದ ವಾದವು ಎಲ್ಲಿಯೂ ಇಲ್ಲ. ಹುಲಿಯನ್ನು ಹಿಡಿಯುವ ಪ್ರಸಂಗವನ್ನು ಅವರು ಯಾವ ಅಳುಕೂ ಇಲ್ಲದೆ ಬರೆದಿದ್ದಾರೆ. ಆದರೆ ಗೋಪಾಲಯ್ಯನಿಗೂ ಆ ಬೆಟ್ಟಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸಿದರೆ ಬೇರೊಂದು ಸಂಗತಿ ಗೋಚರಿಸುವುದು. ಅವನು ಬೆಟ್ಟವನ್ನು ದೂರದಿಂದ ನೋಡಿ ಹೊಗಳುವವನಲ್ಲ. ಅದರ ಮೈಮೇಲೆ ನಡೆದು ಬಲ್ಲವನು. ನೀರು ಎಲ್ಲಿಂದ ಇಳಿಯುವುದು, ಯಾವ ಇಳಿಜಾರಿನಲ್ಲಿ ಮಣ್ಣು ನಿಲ್ಲುವುದು, ಯಾವ ಮೃಗ ಯಾವ ದಾರಿಯಲ್ಲಿ ಬರುವುದು ಎಂಬುದು ಅವನಿಗೆ ಕರಗತವಾಗಿದೆ. ಅವನ ಕೊಡಲಿಗೆ ಅವನ ತೋಳಿನ ಬಲವೇ ಮಿತಿ. ಅವನು ಸೋತ ಕಡೆ ಕಾಡು ಗೆಲ್ಲುವುದು. ಆ ಸೋಲನ್ನೂ ಅವನು ನಗುತ್ತ ಒಪ್ಪುವನು. ಆಲಂಬನವೆಂದರೆ ಪೂಜಾವಸ್ತುವೆಂದೇ ಅರ್ಥವಲ್ಲ, ಎದುರಾಳಿಯೂ ಆಲಂಬನವೇ. ಕನ್ನಡ ಗದ್ಯದಲ್ಲಿ ಕಾಡು ಮೊದಲಬಾರಿಗೆ ಸಮಬಲದ ಎದುರಾಳಿಯಾಗಿ, ಅಂದರೆ ಒಂದು ಪಾತ್ರವಾಗಿ, ಎದ್ದುನಿಂತ ಕೃತಿಗಳಲ್ಲಿ ‘ಬೆಟ್ಟದ ಜೀವ’ಕ್ಕೆ ಅಗ್ರಸ್ಥಾನ ಸಲ್ಲಬೇಕು.

ಈ ಕೃತಿಯಲ್ಲಿ ಒಂದು ಕೊರತೆಯೂ ಉಂಟು. ತೋಟವನ್ನು ಎಬ್ಬಿಸಿದ ಕೈಗಳಲ್ಲಿ ಗೋಪಾಲಯ್ಯನವು ಎರಡೇ. ಉಳಿದವು ಆಳುಗಳ ಕೈಗಳು. ಅವರು ಮನೆಯ ಅಂಗಳದಲ್ಲಿ ಬಂದು ಹೋಗುವರೇ ಹೊರತು ಅವರ ಕಣ್ಣಿನಿಂದ ಆ ಬೆಟ್ಟ ಹೇಗೆ ಕಂಡಿತೆಂಬುದು ತಿಳಿಯದು. ೧೯೩೩ರಲ್ಲಿಯೇ ‘ಚೋಮನ ದುಡಿ’ಯನ್ನು ಬರೆದು, ತುಂಡುಭೂಮಿಗಾಗಿ ಹಂಬಲಿಸಿದ ಮನುಷ್ಯನ ಸಂಕಟವನ್ನು ತೋರಿಸಿದ ಲೇಖಕರಿಂದ ಇದನ್ನು ನಿರೀಕ್ಷಿಸುವುದು ಅತಿಯಾಸೆಯೆನಿಸದು. ನೆಲಜಲಗಳ ಪರವಾದ ಮಾತು ಯಾರ ಮನೆಯ ಜಗಲಿಯಿಂದ ಹೊರಡುವುದೆಂಬ ಪ್ರಶ್ನೆಯು ಇಲ್ಲಿಂದಲೇ ಮೊದಲಾಗುವುದು.

೩

‘ಬೆಟ್ಟದ ಜೀವ’ದ ಕರ್ತೃವೇ ನಾಲ್ಕು ದಶಕಗಳ ತರುವಾಯ ಉತ್ತರ ಕನ್ನಡದ ಹೊಳೆಗಳ ಪರವಾಗಿ ಬೀದಿಗಿಳಿದು ಮಾತನಾಡಿದುದು ಕನ್ನಡ ಸಾಹಿತ್ಯಚರಿತ್ರೆಯ ಒಂದು ಅಪೂರ್ವ ಪ್ರಸಂಗ. ಕಾಳಿ ನದಿಯ ದಡದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವನ್ನು ಸ್ಥಾಪಿಸುವ ಯೋಜನೆಯನ್ನು ಕಾರಂತರು ಬಹಿರಂಗವಾಗಿ ವಿರೋಧಿಸಿದರು. ೧೯೮೯ರಲ್ಲಿ, ತಮ್ಮ ೮೭ನೆಯ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಆ ಜಿಲ್ಲೆಯಿಂದ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಸ್ಥಾವರವು ೨೦೦೦ದಲ್ಲಿ ಕೆಲಸವನ್ನಾರಂಭಿಸಿತು. ಇದು ವಿಜ್ಞಾನವನ್ನರಿಯದ ಸಾಹಿತಿಯ ಹಟವೆಂದು ಅಂದು ಕೆಲವರು ಹೇಳಿದುದುಂಟು. ಆದರೆ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಹಿರಿಯರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಸಂಪುಟಸಂಪುಟವಾಗಿ ಒಬ್ಬರೇ ಬರೆದು ಕನ್ನಡಕ್ಕೆ ವಿಜ್ಞಾನದ ಭಾಷೆಯನ್ನು ಕಟ್ಟಿಕೊಟ್ಟವರ ಮೇಲೆ ಆ ಆರೋಪ ನಿಲ್ಲಲಾರದು. ಅವರ ಬಿನ್ನಹವು ವಿಜ್ಞಾನಕ್ಕೆ ವಿರೋಧವಾಗಿರಲಿಲ್ಲ. ಲೆಕ್ಕವನ್ನು ಪೂರ್ತಿಯಾಗಿ ಹಾಕಿರೆಂಬುದಾಗಿತ್ತು.

ಲೆಕ್ಕವನ್ನು ಪೂರ್ತಿಯಾಗಿ ಹಾಕುವ ಈ ಪದ್ಧತಿಗೆ ಅದೇ ಜಿಲ್ಲೆಯಲ್ಲಿ ಅದಕ್ಕೆ ಮುಂಚೆಯೇ ಒಂದು ನಿದರ್ಶನ ದೊರೆತಿತ್ತು. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ತೆಗೆಯುವ ಯೋಜನೆ ಬಂದಾಗ, ಶಿರಸಿಯ ಅಡಕೆ ಬೆಳೆಗಾರರ ಸಹಕಾರ ಸಂಘವು ೧೯೮೧ರಲ್ಲಿ ವಿದ್ವಾಂಸರನ್ನು ಕರೆಯಿಸಿ ವಿಚಾರಗೋಷ್ಠಿಯನ್ನು ನಡೆಯಿಸಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಂಥವರು ಅದರಲ್ಲಿ ಭಾಗವಹಿಸಿದರು. ಮುಳುಗುವ ತೋಟವೆಷ್ಟು, ಆ ತೋಟಕ್ಕೆ ಗೊಬ್ಬರವನ್ನೊದಗಿಸುವ ಸೊಪ್ಪಿನ ಬೆಟ್ಟವೆಷ್ಟು, ಕಾಡಿನ ಉತ್ಪನ್ನಗಳ ಬೆಲೆಯೆಷ್ಟು ಎಂಬುದನ್ನು ಯೋಜನೆಯ ಕಾಗದಗಳು ಬಿಟ್ಟಿದ್ದವು. ಊರವರು ಆ ಬಿಟ್ಟ ಸಾಲುಗಳನ್ನು ತುಂಬಿದರು. ಯೋಜನೆಯು ಅಂದಿಗೆ ನಿಂತಿತು. ಸಂಘದ ವರದಿಯೆಂದರೆ ಸಾಹಿತ್ಯವಲ್ಲವೆಂದು ಹೇಳುವವರಿರಬಹುದು. ಆದರೆ ಗೋಪಾಲಯ್ಯನ ಜ್ಞಾನವನ್ನು ಅಂಕೆಗಳಲ್ಲಿ ಬರೆದರೆ ಆಗುವುದು ಅಂತಹ ವರದಿಯೇ. ಸ್ಥಳವನ್ನು ಬಲ್ಲವನ ಮಾತು ಕಥೆಯಾಗಿ ಬರಲಿ, ಲೆಕ್ಕವಾಗಿ ಬರಲಿ, ಅದರ ಮೂಲವೊಂದೇ.

ಎರಡು ವರ್ಷಗಳ ಮೇಲೆ, ೧೯೮೩ರ ಸೆಪ್ಟೆಂಬರ್ ೮ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಾಸೆಯ ಕಾಡಿಗೆ ನಡೆದುಹೋಗಿ, ಕಡಿಯಲಿದ್ದ ಮರಗಳನ್ನು ತಬ್ಬಿ ನಿಂತರು. ಅಪ್ಪಿಕೋ ಚಳವಳಿಯು ಹೀಗೆ ಹುಟ್ಟಿತು. ಪಂಪನು ಹಾಡಿದ ಬನವಾಸಿಯೂ ಇದೇ ತಾಲ್ಲೂಕಿನಲ್ಲಿರುವುದನ್ನು ಸಹೃದಯರು ನೆನೆಯಬಹುದು. ಈ ಚಳವಳಿಯ ಘೋಷವು ಮೂರೇ ಮಾತಿನದು: ಉಳಿಸು, ಬೆಳೆಸು, ಬಳಸು. ಇದನ್ನು ಸಾಹಿತ್ಯದ ದೃಷ್ಟಿಯಿಂದ ಯಾರೂ ಪರೀಕ್ಷಿಸಿದಂತೆ ಕಾಣದು. ಪರೀಕ್ಷೆಗೆ ಇದು ಅರ್ಹವಾದುದು. ಮೂರು ವಿಧ್ಯರ್ಥಕ ಕ್ರಿಯೆಗಳು. ವಿಶೇಷಣವೊಂದೂ ಇಲ್ಲ, ದೇವತೆಯ ಹೆಸರಿಲ್ಲ, ಕಣ್ಣೀರಿಲ್ಲ. ಮೂರನೆಯ ಮಾತಂತೂ ಅತ್ಯಂತ ಗಮನೀಯ. ಕಾಡನ್ನು ಮುಟ್ಟಬೇಡವೆಂದು ಅದು ಹೇಳಲಿಲ್ಲ; ಬಳಸೆಂದು ಹೇಳಿತು. ‘ಬಳಸು’ ಎಂಬ ಧಾತುವಿಗೆ ಉಪಯೋಗಿಸು ಎಂಬ ಅರ್ಥದ ಜೊತೆಗೆ ಸುತ್ತುವರಿ ಎಂಬ ಹಳೆಯ ಅರ್ಥವೂ ಉಂಟು. ಮರವನ್ನು ತೋಳಿನಿಂದ ಬಳಸಿ ನಿಂತವರು ಅದನ್ನು ಬಾಳಿನಲ್ಲಿಯೂ ಬಳಸತಕ್ಕವರು. ಘೋಷವನ್ನು ಕಟ್ಟಿದವರಿಗೆ ಈ ಶ್ಲೇಷೆಯು ಉದ್ದಿಷ್ಟವಾಗಿತ್ತೋ ಇಲ್ಲವೋ, ಭಾಷೆಯು ಅದನ್ನು ತಾನಾಗಿ ಒದಗಿಸಿತು. ಜನರ ಬಾಯಲ್ಲಿ ಸವೆದ ಮಾತಿನ ಹೆಚ್ಚಳವೇ ಅದು.

೪

ಗೆದ್ದ ಹೋರಾಟಗಳ ಮಾತು ಹೀಗಾದರೆ, ಹೋರಾಟವೇ ಇಲ್ಲದೆ ಮುಳುಗಿದ ಕಣಿವೆಯ ಮಾತು ಬೇರೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಪೂರ್ಣವಾಯಿತು. ೧೯೪೮ರಲ್ಲಿ ಕೆಲಸ ಮಾಡತೊಡಗಿದ ಜೋಗದ ವಿದ್ಯುದಾಗಾರಕ್ಕೆ ನೀರನ್ನೊದಗಿಸಲು ಅದಕ್ಕೆ ಮೊದಲು ಕಟ್ಟಿದ್ದ ಹಿರೇಭಾಸ್ಕರದ ಅಣೆಕಟ್ಟೂ ಹೊಸ ಜಲಾಶಯದಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ತಲೆಯೆತ್ತಿ ಕಾಣಿಸಿಕೊಳ್ಳುವುದುಂಟು. ೧೦೩೫ ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ನಾಡಿನ ಪಟ್ಟಣಗಳಿಗೆ ಬೆಳಕನ್ನೂ ಕಾರ್ಖಾನೆಗಳಿಗೆ ಶಕ್ತಿಯನ್ನೂ ಕೊಟ್ಟಿತು. ೨೫೩ ಮೀಟರ್ ಎತ್ತರದಿಂದ ಧುಮುಕುವ ಜೋಗದ ಜಲಪಾತವು ಮಳೆಗಾಲವನ್ನು ಬಿಟ್ಟರೆ ಬಡವಾಯಿತು. ಕಣಿವೆಯ ಸಾವಿರಾರು ಮಂದಿ ಮನೆಮಾರುಗಳನ್ನು ಬಿಟ್ಟು ಹೊರಟರು.

ಈ ಜನರ ಪರವಾಗಿ ಕನ್ನಡದಲ್ಲಿ ಮಾತನಾಡಿದ ಲೇಖಕರು ನಾ. ಡಿಸೋಜರು. ೧೯೩೭ರಲ್ಲಿ ಸಾಗರದಲ್ಲಿ ಹುಟ್ಟಿ ೨೦೨೫ರ ಜನವರಿಯಲ್ಲಿ ತೀರಿಕೊಂಡ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಕೆಲಸವನ್ನು ಹತ್ತಿರದಿಂದ ಕಂಡವರು. ಅಣೆಕಟ್ಟು ಏಳುವ ಕಡೆಯಲ್ಲಿ ಸಂಬಳ ಪಡೆಯುತ್ತ ಮುಳುಗುವವರ ಕಡೆಯನ್ನು ನೋಡಿದ ಕಣ್ಣು ಅವರದು. ‘ದ್ವೀಪ’, ‘ಮುಳುಗಡೆ’ ಎಂಬ ಕಾದಂಬರಿಗಳು ಆ ನೋಟದ ಫಲ.

‘ದ್ವೀಪ’ದ ಕಥೆ ಸರಳ. ಊರಿನವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ಮೇಲೂ ಗಣಪಯ್ಯ ನಾಗವೇಣಿಯರ ಸಂಸಾರವೊಂದು ಬೆಟ್ಟದ ಮೇಲೆ ಉಳಿಯುವುದು. ಮಳೆ ಹಿಡಿಯುವುದು, ನೀರು ಏರುವುದು, ಅವರಿದ್ದ ಎಡೆಯು ದ್ವೀಪವಾಗುವುದು. ಹೆಂಡತಿಯ ತವರಿನ ಕಡೆಯ ಯುವಕನೊಬ್ಬನು ನೆರವಿಗೆ ಬರುವನು. ಗಂಡನ ಮನಸ್ಸಿನಲ್ಲಿ ಸಂಶಯ ಮೊಳೆಯುವುದು. ಹೊರಗೆ ನೀರು ಏರಿದಂತೆ ಒಳಗೆ ಸಂಶಯವೂ ಏರುವುದು. ಕಾದಂಬರಿಕಾರರ ಹೆಚ್ಚಳವಿರುವುದು ಇಲ್ಲಿಯೇ. ಹೊಳೆಗೆ ಮಾಡಿದ ಅನ್ಯಾಯವು ಹೊಳೆಯಲ್ಲಿಯೇ ನಿಲ್ಲದೆ ಮನೆಯ ಹೊಸಿಲನ್ನು ದಾಟಿ ದಾಂಪತ್ಯದೊಳಕ್ಕೆ ಬರುವುದನ್ನು ಅವರು ಒಂದು ಉಪದೇಶವಾಕ್ಯವೂ ಇಲ್ಲದೆ ತೋರಿಸಿದ್ದಾರೆ. ನೆರೆಹೊರೆಯೆಂಬುದು ಇದ್ದಾಗ ಅದರ ಬೆಲೆ ತಿಳಿಯದು. ನಂಬಿಕೆಯೂ ಮರ್ಯಾದೆಯೂ ನಾಲ್ಕು ಜನರ ಕಣ್ಣೆದುರಿನಲ್ಲಿ ಬಾಳುವ ವಸ್ತುಗಳು. ನಾಲ್ಕು ಜನರು ಹೊರಟುಹೋದರೆ ಅವೂ ಸಡಿಲುವುವು. ಪರಿಹಾರದ ಹಣವನ್ನು ಗೊತ್ತುಮಾಡುವ ಕಛೇರಿಯು ಗದ್ದೆಯನ್ನು ಅಳೆಯಬಲ್ಲುದು, ಮರಗಳನ್ನು ಎಣಿಸಬಲ್ಲುದು. ನೆರೆಹೊರೆಗೆ ಅಲ್ಲಿ ಕಲಮಿಲ್ಲ.

ಗಿರೀಶ್ ಕಾಸರವಳ್ಳಿಯವರು ಈ ಕೃತಿಯನ್ನಾಧರಿಸಿ ತೆಗೆದ ಚಲಚ್ಚಿತ್ರವು ೨೦೦೨ರಲ್ಲಿ ತೆರೆಗೆ ಬಂದು, ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರೀಯ ಸ್ವರ್ಣಕಮಲವನ್ನು ಪಡೆಯಿತು. ಚಿತ್ರದಲ್ಲಿ ಕಥೆಯ ಭಾರವು ನಾಗಿಯ ಕಡೆಗೆ ವಾಲಿದೆ. ಏರುವ ನೀರಿನ ನಡುವೆ ಮನೆಯನ್ನು ಉಳಿಸುವುದಕ್ಕೆ ಹೆಣಗುವವಳು ಅವಳು. ನೀರು ಇಳಿದ ಮೇಲೆ ಗಂಡನು ಅದನ್ನು ದೈವದ ಕೃಪೆಯೆಂದು ನಂಬಿ ಅವಳ ದುಡಿಮೆಯನ್ನು ಮರೆಯುವನು. ಮೂಲದಿಂದ ಚಿತ್ರವು ದೂರ ಸರಿಯಿತೆಂದು ದೂರುವವರಿಗೆ ಉತ್ತರವಿದೆ. ‘ಬೆಟ್ಟದ ಜೀವ’ದಲ್ಲಿ ಕಾಣದೆಹೋದ ಕೈಗಳ ಪ್ರಶ್ನೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ಬಂದಿದೆ. ನೆಲವನ್ನು ಉಳಿಸಿದವರಾರು, ಉಳಿಸಿದೆನೆಂಬ ಹೆಸರನ್ನು ಪಡೆದವರಾರು ಎಂದು ಕೇಳುವ ಧೈರ್ಯವನ್ನು ಚಿತ್ರವು ತೋರಿಸಿತು. ಚಿತ್ರದಲ್ಲಿ ಮಳೆಯ ಸೊಬಗು ಕೆಲವೆಡೆ ಕಣ್ಣನ್ನು ಸೆಳೆದು ದುಃಖವನ್ನು ಮರೆಯಿಸುವುದೆಂಬುದೊಂದೇ ಹೇಳಬಹುದಾದ ದೋಷ. ಉದ್ದೀಪನವು ಹಿಂಬಾಗಿಲಿನಿಂದ ಮತ್ತೆ ಒಳಬರುವುದೆಂದರೆ ಹೀಗೆ.

ಕಣಿವೆಯ ಕಥೆ ಕಾದಂಬರಿಯೊಡನೆ ಮುಗಿಯಲಿಲ್ಲ. ಹಿನ್ನೀರಿನಿಂದ ಹೊರಜಗತ್ತಿನ ಸಂಪರ್ಕವನ್ನು ಕಳೆದುಕೊಂಡ ತುಮರಿಯ ಕಡೆಯ ಜನರು ಸೇತುವೆಗಾಗಿ ಆರು ದಶಕ ಕಾದರು. ಅದು ತೆರೆದುದು ೨೦೨೫ರ ಜುಲೈ ೧೪ರಂದು. ಬೇರೆಡೆಗೆ ಸಾಗಿಸಲ್ಪಟ್ಟ ಸಂತ್ರಸ್ತರಲ್ಲಿ ಅನೇಕರಿಗೆ ದೊರೆತುದು ಕಾಡಿನ ಭೂಮಿ. ಅದರ ಹಕ್ಕುಪತ್ರದ ಪ್ರಶ್ನೆಯು ಮಕ್ಕಳ, ಮೊಮ್ಮಕ್ಕಳ ಕಾಲಕ್ಕೂ ಇತ್ಯರ್ಥವಾಗದೆ ಬಂದಿತು. ನಾಡಿಗೆ ಬೆಳಕನ್ನು ಕೊಡುವುದಕ್ಕಾಗಿ ಮನೆಯನ್ನು ಬಿಟ್ಟವನೇ ಕಾಡನ್ನು ಒತ್ತಿದವನೆನಿಸಿಕೊಳ್ಳುವ ವಿಪರ್ಯಾಸವಿದು. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ರಾತ್ರಿ ದೀಪದ ಕೆಳಗೆ ಕುಳಿತು ‘ದ್ವೀಪ’ವನ್ನು ಓದುವ ಗೃಹಸ್ಥನು ಆ ಕಥೆಯ ಹೊರಗಿನವನಲ್ಲ. ಕಾಡನ್ನುಳಿಸಬೇಕೆಂಬ ವಾದವು ಈ ಜನರನ್ನು ಲೆಕ್ಕದಿಂದ ಬಿಟ್ಟರೆ, ಯೋಜನೆಯ ಕಾಗದಗಳು ಮಾಡಿದ ತಪ್ಪನ್ನೇ ಅದೂ ಮಾಡಿದಂತಾಗುವುದು.

೫

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ೧೯೮೦ರಲ್ಲಿ ಪ್ರಕಟವಾಯಿತು. ಅಣೆಕಟ್ಟಿನ ಮಾತಾಗಲಿ ಚಳವಳಿಯ ಮಾತಾಗಲಿ ಅದರಲ್ಲಿಲ್ಲ. ಕರ್ವಾಲೊ ಎಂಬ ವಿಜ್ಞಾನಿಯು ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೊರಡುವನು. ಅವನ ಜೊತೆಗೆ ಹೊರಟವರು ಮಂದಣ್ಣನೇ ಮೊದಲಾದ ಹಳ್ಳಿಯ ಸಾಮಾನ್ಯರು. ಊರಿನ ದೃಷ್ಟಿಯಲ್ಲಿ ಮಂದಣ್ಣನು ಕೆಲಸಕ್ಕೆ ಬಾರದವನು. ವಿಜ್ಞಾನಿಯ ದೃಷ್ಟಿಯಲ್ಲಿ ಅವನೊಬ್ಬ ಅಪ್ರತಿಮ ನಿಸರ್ಗವೀಕ್ಷಕ. ಹುಡುಕಾಟದ ಕೊನೆಗೆ ಓತಿಯು ಕಾಣಿಸಿಕೊಂಡು, ಕೈಗೆ ಸಿಕ್ಕದೆ ಕಣಿವೆಯ ಕಡೆಗೆ ತೇಲಿಹೋಗುವುದು.

ಈ ಕೃತಿಯ ಹಾಸ್ಯಕ್ಕೆ ಮಾರುಹೋದ ವಾಚಕರು ಅದರ ಗಾಂಭೀರ್ಯವನ್ನು ಕೆಲವೊಮ್ಮೆ ಮರೆಯುವರು. ಪ್ರಸ್ತುತ ವಿಚಾರಕ್ಕೆ ಅದರಿಂದ ದೊರೆಯುವ ಬೆಳಕು ಎರಡು ಬಗೆಯದು. ಮೊದಲನೆಯದಾಗಿ, ಗೋಪಾಲಯ್ಯನ ಸ್ಥಳಜ್ಞಾನವು ಇಲ್ಲಿ ಮನೆಯ ಯಜಮಾನನಿಂದ ಊರಿನ ಅಂಚಿನಲ್ಲಿರುವವನಿಗೆ ಇಳಿದುಬಂದಿದೆ. ಕಾಡನ್ನು ಬಲ್ಲವನು ಕಾಡಿನ ಒಡೆಯನಾಗಿರಬೇಕಾಗಿಲ್ಲ. ಅವನ ಮಾತಿಗೆ ಪಂಡಿತನು ಕಿವಿಗೊಡಬೇಕಾದುದು ದಾಕ್ಷಿಣ್ಯಕ್ಕಾಗಿಯಲ್ಲ, ವಿದ್ಯೆಯ ಅಗತ್ಯಕ್ಕಾಗಿ. ಎರಡನೆಯದಾಗಿ, ಆ ಓತಿಯಿಂದ ಮನುಷ್ಯನಿಗೆ ಪ್ರಯೋಜನವೇನೂ ಇಲ್ಲ. ಅದು ತೋಟಕ್ಕೆ ಗೊಬ್ಬರವಾಗದು, ಮನೆಗೆ ಬೆಳಕಾಗದು, ಕಾವ್ಯಕ್ಕೆ ಉಪಮಾನವೂ ಆಗದು. ಆದರೂ ಅದರ ಇರವೇ ಐದಾರು ಜನರನ್ನು ಕಷ್ಟಕ್ಕೀಡುಮಾಡಿ ಕಾಡಿನೊಳಕ್ಕೆ ನಡೆಯಿಸಿತು. ಪ್ರಕೃತಿಯು ತನ್ನಷ್ಟಕ್ಕೆ ತಾನೇ ಆಲಂಬನವಾಗಿ ನಿಂತ ಕೃತಿಯೆಂದರೆ ಇದು. ಕಾರಂತರ ಕಾಡು ಎದುರಾಳಿ. ಡಿಸೋಜರ ಹೊಳೆ ಮನುಷ್ಯನೊಡನೆ ನೊಂದ ಸಹಭಾಗಿ. ತೇಜಸ್ವಿಯವರ ಕಾಡು ಮನುಷ್ಯನ ಹಂಗಿಲ್ಲದೆ ತಾನಿರುವ ಒಂದು ಸತ್ಯ. ಈ ಮೂರರಲ್ಲಿ ಯಾವೊಂದನ್ನು ಬಿಟ್ಟರೂ ವಾದವು ಅಪೂರ್ಣವಾಗುವುದು.

೬

ಹೀಗಿರುವಲ್ಲಿ, ಈಚೆಗೆ ಪರಿಸರದ ಹೆಸರಿನಲ್ಲಿ ಹೊರಬರುತ್ತಿರುವ ಪದ್ಯಗದ್ಯಗಳಲ್ಲಿ ಬಹುಭಾಗವು ಹಿಂದಿನ ಪಟ್ಟಿಗೇ ಮರಳುತ್ತಿರುವುದು ವಿಷಾದಕರ. ಹೊಳೆಯೆಂದೊಡನೆ ತಾಯಿ, ಕಾಡೆಂದೊಡನೆ ದೇಗುಲ, ಅಣೆಕಟ್ಟೆಂದೊಡನೆ ರಾಕ್ಷಸ ಎಂಬ ಸಂಕೇತಗಳು ಸಿದ್ಧವಾಗಿವೆ. ಭಕ್ತಿಯಲ್ಲಿ ತಪ್ಪಿಲ್ಲ, ಅಘನಾಶಿನಿಯೆಂದರೆ ಪಾಪವನ್ನು ಕಳೆಯುವವಳೆಂದು ಹೆಸರಿಟ್ಟವರು ಭಕ್ತರೇ. ಆದರೆ ಯಾವ ಹೊಳೆಗೂ ಸಲ್ಲುವ ಸ್ತುತಿಯು ಈ ಹೊಳೆಯನ್ನು ಕಾಯಲಾರದು. ಪಾಪವನ್ನು ಕಳೆಯುವ ನದಿಗಳು ಭರತಖಂಡದಲ್ಲಿ ಹಲವಿವೆ. ಗಜನಿ ಗದ್ದೆಯ ಉಪ್ಪುನೀರಿನಲ್ಲಿ ಕಗ್ಗವೆಂಬ ಬತ್ತವನ್ನು ಬೆಳೆಯಿಸುವ, ಅಳಿವೆಯ ಕೆಸರಿನಲ್ಲಿ ಚಿಪ್ಪುಮೀನನ್ನು ಆಯುವ ಹೆಂಗಸರಿಗೆ ಅನ್ನವಿಡುವ, ಉಂಚಳ್ಳಿಯಲ್ಲಿ ೧೧೬ ಮೀಟರ್ ಧುಮುಕಿಯೂ ಅಣೆಕಟ್ಟನ್ನು ಕಾಣದೆ ಕಡಲನ್ನು ಸೇರುವ ಹೊಳೆ ಇದು. ಅಳಿವೆಯ ತದಡಿಯಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರವನ್ನು ಕಟ್ಟುವ ಪ್ರಸ್ತಾಪ ಬಂದಾಗ ಅದನ್ನು ಎದುರಿಸಿದವರ ಕೈಯಲ್ಲಿದ್ದುದು ಮೀನು, ಚಿಪ್ಪು, ಬತ್ತ, ಕಾಂಡ್ಲಾಕಾಡು ಇವುಗಳ ವಿವರ, ಪ್ರಸ್ತಾಪವು ನಿಂತಿತು. ೨೦೨೪ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯು ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಇದೇ ಘಟ್ಟದ ಕತ್ತಲೆಕಾನಿನಂತಹ ಎಡೆಗಳಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ಮರಗಳು ಕೆಸರಿನ ಮೇಲೆ ಬೇರುಗಳನ್ನು ಮಂಡಿಯಂತೆ ಮಡಿಸಿ ಎತ್ತಿ ಉಸಿರಾಡುವುವು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿಯೂ ತೊರೆಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಡುವುವು. ಮುಗಿಲೆತ್ತರದ ಮರಗಳ ಮೇಲೆಯೇ ಬಾಳುವ ಸಿಂಗಳೀಕಕ್ಕೆ ಎಡೆಬಿಡದ ಮರದ ಸಾಲು ಬೇಕು. ನಡುವೆ ಬಯಲಾದರೆ ಅದರ ಗುಂಪುಗಳು ಒಂದರಿಂದೊಂದು ಬೇರೆಯಾಗುವುವು. ಇವುಗಳನ್ನು ಹೆಸರಿಟ್ಟು ಹೇಳುವ ಒಂದು ಪುಟವು, ಹಸುರುಸಿರಿಯನ್ನು ಹೊಗಳುವ ಹತ್ತು ಪದ್ಯಗಳಿಗಿಂತ ಮೇಲು. ಕಾವ್ಯವು ಜೀವಶಾಸ್ತ್ರದ ಪಾಠವಾಗಬೇಕೆಂದು ಇದರ ಅರ್ಥವಲ್ಲ. ಪ್ರೀತಿಸುವವನು ಪ್ರೀತಿಪಾತ್ರರ ಹೆಸರನ್ನಾದರೂ ಅರಿತಿರಬೇಕೆಂಬುದಷ್ಟೇ ಇಲ್ಲಿಯ ಅಪೇಕ್ಷೆ.

ಈ ವಿಚಾರವು ಹಳೆಯ ಪುಸ್ತಕಗಳ ಚರ್ಚೆಯಾಗಿ ಮುಗಿಯತಕ್ಕುದಲ್ಲ. ಶರಾವತಿಯ ಕಣಿವೆಯಲ್ಲಿಯೇ, ಸಿಂಗಳೀಕಗಳ ಅಭಯಾರಣ್ಯದ ನಡುವೆ, ತಲಕಳಲೆಯ ಜಲಾಶಯಕ್ಕೂ ಗೇರುಸೊಪ್ಪೆಯ ಜಲಾಶಯಕ್ಕೂ ಸುರಂಗಗಳನ್ನು ಕೊರೆದು, ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ೨೦೦೦ ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯೋಜನೆಯು ಈಚಿನ ವರ್ಷಗಳಲ್ಲಿ ಮುಂದೆ ಬಂದಿದೆ. ಒಂದುಸಲ ಎಲ್ಲವನ್ನೂ ಕೊಟ್ಟ ಕಣಿವೆಯನ್ನು ಎರಡನೆಯ ಸಲ ಕೇಳಲಾಗುತ್ತಿದೆ. ಅದರ ಪರವಾಗಿ ಹೇಳತಕ್ಕ ಮಾತೂ ಉಂಟು. ಬಿಸಿಲು ಗಾಳಿಗಳಿಂದ ದೊರೆಯುವ ಶಕ್ತಿಯನ್ನು ಕೂಡಿಡುವುದಕ್ಕೆ ಇಂತಹ ಉಪಾಯಗಳು ಬೇಕೆಂದು ಅದನ್ನು ಬಯಸುವವರು ವಾದಿಸುವರು. ಆ ವಾದವನ್ನು ಕೇಳಬೇಕು, ತೂಗಬೇಕು. ಆದರೆ ೧೯೬೪ರಲ್ಲಿ ತಕ್ಕಡಿಯ ಒಂದು ತಟ್ಟೆ ಬರಿದಾಗಿತ್ತು. ಕಣಿವೆಯ ಪರವಾಗಿ ಅದರಲ್ಲಿ ಇಡಲು ಕನ್ನಡದಲ್ಲಿ ಒಂದು ಪುಸ್ತಕವೂ ಇರಲಿಲ್ಲ. ‘ದ್ವೀಪ’ವು ಬಂದುದು ನೀರು ಏರಿದ ಮೇಲೆ. ಸಾಹಿತ್ಯವು ಮುಳುಗಿದುದಕ್ಕೆ ಅಳುವ ಕೆಲಸವನ್ನು ಸೊಗಸಾಗಿ ಮಾಡಿತು. ಮುಳುಗುವುದಕ್ಕೆ ಮುನ್ನ ಎಣಿಸಿ ಹೇಳುವ ಕೆಲಸವನ್ನು ಬೇಡ್ತಿಯ ದಡದವರೂ ಸಾಲ್ಕಣಿಯವರೂ ಮಾಡಿದರು. ಮಲೆನಾಡಿನ ಮುಂದಿನ ಲೇಖಕನು ಈ ಎರಡನ್ನೂ ಒಂದುಗೂಡಿಸಬೇಕಾಗಿದೆ. ಅವನಿಗೆ ವಸ್ತುವು ದೂರದಲ್ಲಿಲ್ಲ. ಊರ ಹಿಂದಿನ ಕಾನಿನಲ್ಲಿ ಯಾವ ಮರಗಳಿವೆ, ಮನೆಯ ಬಾವಿಗೆ ನೀರು ಎಲ್ಲಿಂದ ಬರುವುದು, ಹಿನ್ನೀರಿನಡಿಯಲ್ಲಿ ಯಾರ ಅಂಗಳವಿದೆ ಎಂದು ಊರಿನ ಹಿರಿಯರನ್ನೂ, ಮಂದಣ್ಣನಂತಹ ಒಬ್ಬನನ್ನೂ ಕೇಳಿ, ಅವರು ಹೇಳಿದುದನ್ನು ಅವರ ಹೆಸರುಗಳಿಂದಲೇ ಬರೆದಿಡುವುದು ಅವನ ಮೊದಲನೆಯ ಕೆಲಸ.